ಕಾರಿನ ತೆರೆಯ ಮೇಲಿನ ಐದು ಹಸಿರೆಲೆಗಳಿಗೆ

ಮಾನ್ಯ ಹಸಿರೆಲೆಗಳೇ,

ನನ್ನ ಕಾರಿನ ಡ್ಯಾಶ್‌ಬೋರ್ಡಿನ ತೆರೆಯ ಬಲಮೂಲೆಯಲ್ಲಿ, ಮೆಲ್ಲಗೆ ಓಡಿಸಿದಾಗ ಒಂದೊಂದಾಗಿ ಚಿಗುರಿ, ಪೆಡಲು ಜೋರಾಗಿ ಒತ್ತಿದೊಡನೆ ಉದುರಿಹೋಗುವ ತಮ್ಮ ಐವರ ಸನ್ನಿಧಿಯಲ್ಲಿ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಂಕ ಹಾಕುತ್ತಲೇ ಬಂದ ಗಣಿತದ ಮೇಷ್ಟ್ರಾದ ನನಗೆ, ಅಂಕ ಪಡೆಯುವ ಸುಖ ಎಂಥದೆಂದು ತೋರಿಸಿಕೊಟ್ಟವರು ತಾವೇ.

ಕರೆಂಟಿನಲ್ಲೂ ಪೆಟ್ರೋಲಿನಲ್ಲೂ ಓಡುವ ಈ ಹೈಬ್ರಿಡ್ ಕಾರು ಲೀಟರಿಗೆ ಅರವತ್ತು ಕಿಲೋಮೀಟರ್ ಕೊಡುತ್ತದೆಂದು ಕಂಪನಿಯ ಪುಸ್ತಿಕೆ ಹೇಳಿತ್ತು. ಅದನ್ನು ನಿಜಮಾಡುವ ಹೊಣೆ ನನ್ನದೇ ಎಂದು ತಿಳಿದು, ಅಡುಗೆಮನೆಯ ಕಿಟಕಿಯಿಂದ ವೈರು ಇಳಿಬಿಟ್ಟು ದಿನವೂ ಚಾರ್ಜು ಮಾಡಿದೆ. ಆಗ ಮಿಕ್ಸಿ ಹಾಕಿದರೆ ಫ್ಯೂಸು ಹೋಗುತ್ತಿದ್ದುದರಿಂದ ಮನೆಯಲ್ಲಿ ರುಬ್ಬುವ ಅಡುಗೆಯನ್ನೇ ಬಿಡಿಸಿದೆ. ಶಾಲೆಗೆ ಹೋಗಿಬರುವ ಇಪ್ಪತ್ತು ಕಿಲೋಮೀಟರನ್ನು, ಹಿಂದಿನವರ ಹಾರ್ನಿಗೆ ಕಿವುಡನಾಗಿ, ಒಂದು ಹನಿ ಪೆಟ್ರೋಲೂ ಸುಡದೆ ಮುಗಿಸಿ ಐದಕ್ಕೆ ಐದು ಎಲೆ ಗಿಟ್ಟಿಸಿದೆ. ಸಹೋದ್ಯೋಗಿಗಳು ‘ಎಲೆ ಮೇಷ್ಟ್ರು’ ಎಂದು ಕರೆದರು. ಬಿರುದೆಂದೇ ಸ್ವೀಕರಿಸಿದೆ.

ಹೀಗಿರಲಾಗಿ ಕಳೆದ ಶನಿವಾರ, ಹೃದಯದ ಶಸ್ತ್ರಚಿಕಿತ್ಸೆಯಾದ ನನ್ನ ಮಾವನವರನ್ನು ತೊಂಬತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಮನೆಗೆ ಕರೆತರಬೇಕಾಯಿತು. ಹೋಗುವಾಗಲೇ ಅರ್ಧ ದಾರಿಗೆ ಬ್ಯಾಟರಿ ಬರಿದಾಗಿದ್ದರಿಂದ, ವಾಪಸು ಬರುವಾಗ ಸಕಲ ಭಾರವೂ ಪೆಟ್ರೋಲಿನ ಮೇಲೆ ಬಿತ್ತು. ಬ್ಯಾಟರಿ ಸುಮ್ಮನೆ ಪ್ರಯಾಣಿಕನಂತೆ ಕೂತಿತ್ತು. ತಮ್ಮ ಮಹಿಮೆಯನ್ನು ಮಾವನವರಿಗೆ ಹೆಮ್ಮೆಯಿಂದ ವಿವರಿಸುತ್ತಿರುವಾಗಲೇ ತಮ್ಮಲ್ಲಿ ಮೂವರು ಉದುರಿದಿರಿ. ಉಳಿದಿಬ್ಬರನ್ನು ಕಾಪಾಡಲು ಆ ಸುಡುಬಿಸಿಲಿನಲ್ಲಿ ನಾನು ಎಸಿ ಆರಿಸಿದೆ. ಹಿಂದಿನ ಸೀಟಿನಲ್ಲಿ, ಎದೆಗೆ ದಿಂಬು ಅವಚಿಕೊಂಡಿದ್ದ ಅಪ್ಪನ ಬೆವರು ಒರೆಸಿ ಒರೆಸಿ ಸಾಕಾದ ನನ್ನ ಹೆಂಡತಿ, ಮುಂದಕ್ಕೆ ಕೈಚಾಚಿ ಎಸಿ ಹಾಕಿದಳು. ಇನ್ನೊಂದು ಎಲೆ ಹೋಯಿತು. ನಾನು ನಿಟ್ಟುಸಿರಿಟ್ಟೆ. ಮಾವನವರಿಗೆ ಅದು ಕೇಳಿಸಿತು.

“ಎಸಿ ಆರಿಸಮ್ಮ, ನನ್ನಿಂದ ಅವರ ಎಲೆ ಯಾಕೆ ಉದುರಬೇಕು? ಅಳಿಯಂದ್ರೇ, ಬಸ್‌ಸ್ಟ್ಯಾಂಡ್ ಹತ್ರ ನಿಲ್ಸಿಬಿಡಿ, ನಾನು ಬಸ್ಸಲ್ಲಿ ಬರ್ತೀನಿ,” ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಬಾಗಿಲಿನ ಹಿಡಿಗಾಗಿ ತಡಕಾಡುತ್ತಿದ್ದರು.

ಎಲೆಗಳೇ, ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಎಸಿಯನ್ನು ತುದಿಗೆ ಏರಿಸಿದೆ. ಎಂಜಿನ್ ಗರ್ಜಿಸಿತು, ತೆರೆ ಬೋಳಾಯಿತು. ಮನೆ ಮುಟ್ಟಿದಾಗ ಮಾವನವರು ಬಾಯಿ ತೆರೆದು ನಿದ್ದೆಹೋಗಿದ್ದರು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಸರಿಯಾಗಿ ಕಣ್ಣುಮುಚ್ಚದವರನ್ನು ಎಬ್ಬಿಸಲು ಮನಸ್ಸಾಗದೆ, ಎಂಜಿನ್ ಆರಿಸದೆ, ಬಾಗಿಲೆದುರೇ ನಲವತ್ತು ನಿಮಿಷ ಕೂತೆವು. ಹೆಂಡತಿ ಸದ್ದಾಗದಂತೆ ಇಳಿದು ಮುಂದಿನ ಸೀಟಿಗೆ ಬಂದು, ಬಹಳ ದಿನಗಳ ಮೇಲೆ ನನ್ನ ಭುಜಕ್ಕೊರಗಿದಳು.

ಆದಕಾರಣ, ಆ ನಲವತ್ತು ನಿಮಿಷವನ್ನು ‘ವ್ಯರ್ಥವಾದ ಇಂಧನ’ ಎಂದು ತಾವು ತೋರಿಸುತ್ತಿರುವುದನ್ನು ದಯಮಾಡಿ ತಿದ್ದಬೇಕೆಂದೂ, ಅದು ತಮ್ಮ ಶಕ್ತಿಗೆ ಮೀರಿದ್ದಾದರೆ, ಮಾವನವರು ಕಾರು ಹತ್ತಿದ ದಿನಗಳಲ್ಲಿ ತಾವು ಐವರೂ ಸಾಮೂಹಿಕ ರಜೆ ಹಾಕಬೇಕೆಂದೂ ಪ್ರಾರ್ಥನೆ.

ಎಲೆ ಬಿದ್ದರೂ ಬೀಳದಿದ್ದರೂ,
ತಮ್ಮ ವಿಶ್ವಾಸಿ,
ಸೊನ್ನೆ ತೆಗೆದ ಮೇಷ್ಟ್ರು

ಮರೆತ ಮಾತು: ಸರ್ವಿಸ್ ಕೇಂದ್ರದವರು ನಿನ್ನೆ ಫೋನ್ ಮಾಡಿ, ಹೊಸ ಸಾಫ್ಟ್‌ವೇರ್ ಹಾಕಿಸಿದರೆ ಎಲೆಗಳು ಹತ್ತಾಗುತ್ತವೆ ಎಂದು ಸಂಭ್ರಮದಿಂದ ತಿಳಿಸಿದರು. ಮೈಲೇಜೂ ಹೆಚ್ಚುತ್ತದೆಯೇ ಎಂದು ಕೇಳಿದೆ. ಫೋನ್ ಕಟ್ಟಾಯಿತು.