ಒಂದೇ ಡಿವಿಡಿಯಲ್ಲಿ ಇಡೀ ಮದುವೆ

ಹೆಂಡತಿಯ ತಮ್ಮನ ಮದುವೆಯ ಎಚ್‌ಡಿ ವಿಡಿಯೊವನ್ನು ಕಿರಿದು ಮಾಡಿ ಒಂದೇ ಡಿವಿಡಿಗೆ ಇಳಿಸುವ ಮಹತ್ಕಾರ್ಯವನ್ನು ನಾನಾಗಿಯೇ ವಹಿಸಿಕೊಂಡೆ. ಯಾರೂ ಒತ್ತಾಯ ಮಾಡಿರಲಿಲ್ಲ. ರಾಯಬಾಗದ ನಮ್ಮ ಕಚೇರಿಯಲ್ಲಿ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಹೊರತೆಗೆಯುವವನು ನಾನೊಬ್ಬನೇ. ಹೀಗಾಗಿ ಕಂಪ್ಯೂಟರ್ ವಿದ್ಯೆಯೆಲ್ಲ ನನಗೆ ಕರಗತ ಎಂದು ನಂಬಿದ್ದೆ!

ಐಗಳಿಯ ಮಾವನವರ ಹಳೇ ಟೀವಿಯಲ್ಲಿ ಎಚ್‌ಡಿ ನಡೆಯುತ್ತಿರಲಿಲ್ಲ. ಅವರಿಗೋ ಅವಸರ. ಹತ್ತು ವರ್ಷ ಮಾತು ಬಿಟ್ಟಿದ್ದ ಅವರ ತಮ್ಮ, ಶಿರಗುಪ್ಪಿಯ ಕಾಕಾ, ಮದುವೆಗೆ ಬಂದಿದ್ದರು. ಬೀಗರಿಗೆ, ಬಂಧುಗಳಿಗೆ ಬಟ್ಟೆಯ ಆಹೇರಿ ಕೊಡುವಾಗ ಮಾವ ತಮ್ಮ ಕೈಯಾರೆ ಕಾಕಾನ ತಲೆಗೆ ರುಮಾಲು ಸುತ್ತಿದ್ದರಂತೆ. ಇಬ್ಬರೂ ಅತ್ತಿದ್ದರಂತೆ. ಆ ಹೊತ್ತಿಗೆ ನಾನು ಪಂಕ್ತಿಯಲ್ಲಿ ಎರಡನೇ ಸಲ ಬುಂದೆ ಹಾಕಿಸಿಕೊಳ್ಳುತ್ತಿದ್ದೆ. ನನಗೇನು ಗೊತ್ತು?

"ಭಾನುವಾರ ತಮ್ಮ ನೋಡಾಕ ಬರಾಕತ್ತಾನ. ಅಷ್ಟರಾಗ ಆಗತೈತೇನ್ರಿ, ಅಳಿಯಾರ?" ಎಂದು ಮಾವ ಫೋನ್ ಮಾಡಿದರು.

"ಚಿಂತಿ ಬಿಡ್ರಿ ಮಾವಾರ!"

ಕಂಪ್ಯೂಟರು 'ಎರಡು ಗಂಟೆ ಬಾಕಿ' ಎಂದಿತು. ಊಟ ಮಾಡಿ ಬಂದೆ. ಆಗಲೂ ಎರಡು ಗಂಟೆ ಬಾಕಿ! ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಮೊದಲಿನಿಂದ. ಶನಿವಾರ ಇನ್ನೊಂದು ಸತ್ಯ ತಿಳಿಯಿತು. ನಾಲ್ಕು ಗಂಟೆಯ ಮದುವೆ ಆ ಡಿವಿಡಿಯಲ್ಲಿ ಹಿಡಿಸುವುದಿಲ್ಲ. ಅರ್ಧ ಕತ್ತರಿಸಬೇಕು. ಮುಹೂರ್ತದಲ್ಲಿ ವಧೂವರರ ಮೇಲೆ ಅಕ್ಕಿಕಾಳು ಹಾಕುವುದನ್ನು ಬಿಡುವಂತಿಲ್ಲ. ಆದರೆ ಆಹೇರಿ? ಎರಡು ಗಂಟೆ ಬರೀ ಟವೆಲ್ಲು, ಟೊಪ್ಪಿಗೆ, ಸೀರೆ! ಮಾದರಿಗೆ ಒಂದನ್ನು ಉಳಿಸಿ, ಮಿಕ್ಕದ್ದನ್ನು ನೋಡದೆಯೇ ತೆಗೆದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ಫೈಲನ್ನೂ ಅಳಿಸಿದೆ. ವಿಡಿಯೊದವನು ತನ್ನ ಪ್ರತಿಯನ್ನು ಆಗಲೇ ಅಳಿಸಿ, ಅದರ ಮೇಲೆ ಬೇರೆ ಮದುವೆ ತೆಗೆದಿದ್ದ.

ಭಾನುವಾರ ಐಗಳಿಯಲ್ಲಿ ಎಲ್ಲರೂ ಟೀವಿ ಮುಂದೆ ಕೂತರು. ಕಾಕಾ ಅದೇ ರುಮಾಲು ಸುತ್ತಿಕೊಂಡು ಬಂದಿದ್ದರು. ನನ್ನ ಕೈಚಳಕದಿಂದ ಚಿತ್ರ ಅಡ್ಡಕ್ಕೆ ಕುಗ್ಗಿ, ಎಲ್ಲರೂ ಉದ್ದಕ್ಕೆ, ತೆಳ್ಳಗೆ ಕಾಣುತ್ತಿದ್ದರು.

"ನಾ ಎಷ್ಟ ಸಣ್ಣ ಕಾಣಾಕತ್ತೀನಿ ನೋಡ್ರೆ!" ಎಂದು ಅತ್ತೆಗೆ ಸಂತೋಷವೋ ಸಂತೋಷ.

ಆಹೇರಿ ಬಂತು. ಮೊದಲಿಗೆ ಮನೆಯ ಅಳಿಯನಾದ ನಾನು. ತಲೆ ನೀವಿಕೊಂಡು, ಕ್ಯಾಮೆರಾಕ್ಕೆ ನಕ್ಕು, ನಾಲ್ಕು ನಿಮಿಷ ಪ್ಯಾಂಟು ಶರಟಿನ ಬಟ್ಟೆ ಸ್ವೀಕರಿಸಿದೆ. ನಂತರ 'ಶುಭಂ' ಎಂದು ಬಂತು.

"ನನ್ನ ರುಮಾಲ ಎಲ್ಲಿ ಹೋತ್ರಿ?" ಕಾಕಾ ಕೇಳಿದರು.

"ಡಿವಿಡಿಯೊಳಗ ಜಾಗ ಸಾಲಲಿಲ್ರಿ ಕಾಕಾ…"

"ಎರಡು ಡಿವಿಡಿ ಮಾಡಾಕ ಏನಾಗಿತ್ತ್ರಿ?" ಎಂದಳು ಹೆಂಡತಿ.

ಇಂಥದೊಂದು ದಾರಿ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ!

ಮಾವ ತಲೆ ತಗ್ಗಿಸಿ ಕೂತರು. ಕಾಕಾ ಎದ್ದು ನಿಂತರು. ಇನ್ನು ಹತ್ತು ವರ್ಷ ಮಾತು ನಿಂತಿತು, ಅದೂ ನನ್ನಿಂದ, ಎಂದುಕೊಂಡೆ. ಆದರೆ ಕಾಕಾ ರುಮಾಲು ಬಿಚ್ಚಿ ಮಾವನ ಕೈಗಿಟ್ಟರು.

"ಅಣ್ಣಾ, ಇನ್ನೊಮ್ಮಿ ಸುತ್ತು."

ಶಿಕ್ಷೆಯೆಂದು ಮದುಮಗನ ಕ್ಯಾಮೆರಾ ನನ್ನ ಕೈಗೆ ಬಂತು. ಅಣ್ಣತಮ್ಮಂದಿರು ಮತ್ತೆ ಅತ್ತರು. ಈ ಸಲ ನನಗೂ ಕಣ್ಣು ತುಂಬಿ ಬಂತು. ತೆಗೆದದ್ದನ್ನು ಹೆಂಡತಿ ಅಲ್ಲೇ ತಿರುಗಿಸಿ ನೋಡಿದಳು.

"ಭಾಳ ಚಲೋ ಬಂದೈತ್ರಿ," ಎಂದಳು. "ಇದ್ರಾಗ ನೀವು ಎಲ್ಲೂ ಇಲ್ಲ!"