ಒಂದು ವರ್ಷಕ್ಕೆ ಒಂದು ಊರು

ಕೆಲವರಿಗೆ ಸೀರೆ ಆರಿಸಲು ಬರುವುದಿಲ್ಲ, ಕೆಲವರಿಗೆ ಕಲ್ಲಂಗಡಿ. ನನಗೆ ಊರು ಆರಿಸಲು ಬರುವುದಿಲ್ಲ. ಹುಟ್ಟಿದ್ದು ಶಿರ್ವದಲ್ಲಿ, ಅದು ಅಪ್ಪ ಅಮ್ಮನ ಆಯ್ಕೆ. ಅಬುಧಾಬಿಗೆ ಬಂದದ್ದು ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರಲ್ಲಿ ರಿಸೆಪ್ಶನಿಸ್ಟ್ ಕೆಲಸ ಸಿಕ್ಕಿತೆಂದು. ಅದು ಏಜೆಂಟರ ಆಯ್ಕೆ. ಹಾಗಾಗಿ ಬದುಕಿನಲ್ಲಿ ಒಮ್ಮೆಯಾದರೂ ಒಂದು ಊರನ್ನು ನಾನೇ ಆರಿಸಿ, ಅಲ್ಲಿ ಪೆಟ್ಟಿಗೆ ಇಳಿಸಿ, 'ಇದು ನಾನು ಇಷ್ಟಪಟ್ಟು ಬಂದ ಊರು' ಎಂದು ಯಾರಿಗಾದರೂ ಹೇಳಬೇಕೆಂಬ ಆಸೆ ನನ್ನೊಳಗೆ ಬಹಳ ದಿನದಿಂದ ಇತ್ತು. ನಮ್ಮ ದೇಶದ ಯುವಕ ಯುವತಿಯರು ಆಸ್ಟ್ರೇಲಿಯಾಕ್ಕೆ ಹೋಗಿ ಒಂದು ವರ್ಷ ತಿರುಗಾಡುತ್ತಾ, ನಡುನಡುವೆ ಸಣ್ಣಪುಟ್ಟ ಕೆಲಸ ಮಾಡುತ್ತಾ ಇರಬಹುದಂತೆ, ಅದಕ್ಕೊಂದು ವೀಸಾ ಇದೆಯಂತೆ ಎಂದು ತಿಳಿದಾಗ ಆ ಆಸೆ ಎದ್ದು ಕುಳಿತಿತು. ಷರತ್ತುಗಳಲ್ಲಿ ನನ್ನನ್ನು ಚುಚ್ಚಿದ್ದು ಒಂದೇ: ಮೂವತ್ತು ದಾಟಿರಬಾರದು. ಆಗ ನನಗೆ ಇಪ್ಪತ್ತೊಂಬತ್ತು. ಇನ್ನೂ ಬೇಕಾದಷ್ಟು ಸಮಯವಿದೆ ಎಂದುಕೊಂಡೆ.

ನನ್ನ ರೂಮಿನಲ್ಲಿ ಜೊತೆಗಿದ್ದವಳು ಜುಬೇದಾ. ಉಳ್ಳಾಲದವಳು, ನಮ್ಮ ರಸ್ತೆಯಲ್ಲೇ ಒಂದು ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್, ನನಗಿಂತ ಮೂರು ವರ್ಷ ಚಿಕ್ಕವಳು, ಬುದ್ಧಿಯಲ್ಲಿ ಮೂವತ್ತು ವರ್ಷ ದೊಡ್ಡವಳು. ವಿಷಯ ಹೇಳಿದಾಗ ಅವಳು ಮೊದಲು ಕೇಳಿದ್ದು, "ಅಲ್ಲಿ ಎಂತ ಕೆಲಸ ಸಿಗ್ತದೆ?" ತೋಟದಲ್ಲಿ ಹಣ್ಣು ಕೊಯ್ಯುವ ಕೆಲಸ ಸಿಗುತ್ತದಂತೆ ಎಂದೆ, ಆಗಲೇ ಸೇಬಿನ ಮರದ ನೆರಳಿನಲ್ಲಿ ನಿಂತವಳ ಹಾಗೆ. "ಒಂದು ಅನಾನಸು ಹೆಚ್ಚಲಿಕ್ಕೆ ಮೊಬೈಲಲ್ಲಿ ವೀಡಿಯೊ ನೋಡುವವಳು ನೀನು," ಎಂದಳು ಜುಬೇದಾ. "ನಿನ್ನ ಕೈಗೆ ಕೊಟ್ರೆ ಮರ ಕೂಡ ಅಳಬಹುದು ಮಾರಾಯ್ತಿ."

ದುಬೈಯ ಊದ್ ಮೇಥಾದಲ್ಲಿರುವ ಲಾರೆನ್ಸ್ ಬಾಪ್ಪುವಿಗೆ, ಅಂದರೆ ಅಪ್ಪನ ತಮ್ಮನಿಗೆ, ಈ ಯೋಜನೆಯ ಹೆಸರೇ ಹಿಡಿಸಲಿಲ್ಲ. ಭಾನುವಾರ ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ವರ್ಕಿಂಗ್ ಹಾಲಿಡೇ ಎಂದೆ. ಅವರು ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿ, "ಕೆಲಸಕ್ಕೆ ಹೋಗುದಾ, ರಜೆಗೆ ಹೋಗುದಾ? ಎರಡೂ ಒಟ್ಟಿಗೆ ಹೇಗೆ?" ಎಂದು ಕೇಳಿದರು. ನಾನು ವಿವರಿಸಿದೆ. ಗಲ್ಫಿನಿಂದ ಊರಿಗೆ ಹೋದ ಪ್ರತಿ ರಜೆಯಲ್ಲೂ ಅವರು ಮನೆಗೆ ಸುಣ್ಣ ಹೊಡೆಸಿ, ಬಾವಿ ತೆಗೆಸಿ, ತಂಗಿಯರ ಮದುವೆ ಮಾಡಿಸಿ ಬಂದವರು. "ನಮ್ಮ ರಜೆಯಲ್ಲಿ ಬರೀ ಕೆಲಸವೇ ಇತ್ತು ಮಗಾ," ಎಂದರು. "ಅದಕ್ಕೊಂದು ವೀಸಾ ಬೇಕಂತ ನಮಗೆ ಗೊತ್ತಿರ್ಲಿಲ್ಲ."

ನಾನು ಆರಿಸತೊಡಗಿದೆ. ಹೋಟೆಲಿನ ಕೌಂಟರಿಗೆ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಂತೆಂದರೆ ಸಾಕು, ಕೋಣೆಯ ಕೀಲಿ ಕೊಡುವ ಮೊದಲು ಅವರ ಊರಿನ ಸಮಾಚಾರ ಕೇಳಿಯೇ ಕೊಡುತ್ತಿದ್ದೆ. ಮೆಲ್ಬರ್ನಿನ ಒಬ್ಬರು, ಅಲ್ಲಿ ಒಂದೇ ದಿನದಲ್ಲಿ ನಾಲ್ಕು ಋತು ಬಂದು ಹೋಗುತ್ತವೆ ಎಂದು ದೂರಿದರು. ವರ್ಷವಿಡೀ ಬಿಸಿಲನ್ನೇ ಉಂಡವಳಿಗೆ ಅದು ದೂರಿನಂತೆ ಕೇಳಲಿಲ್ಲ. ಆ ವಾರವಿಡೀ ನಾನು ಮೆಲ್ಬರ್ನಿನಲ್ಲಿದ್ದೆ. ಕಾಫಿ ಅಂಗಡಿಯೊಂದರಲ್ಲಿ ಹಾಲು ನೊರೆಗೆಬ್ಬಿಸುತ್ತಿದ್ದೆ, ಸಂಜೆ ಟ್ರಾಮಿನ ಕಿಟಕಿಗೆ ತಲೆಯಾನಿಸಿ ಎಲೆ ಉದುರುವುದನ್ನು ನೋಡುತ್ತಿದ್ದೆ. ಈ ಸುಖಕ್ಕೆ ಉದ್ದನೆಯದೊಂದು ಉಣ್ಣೆಯ ಕೋಟು ಬೇಕೆನಿಸಿತು. ಜುಲೈ ತಿಂಗಳು. ಅಂಗಡಿಯವನು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಗೋದಾಮಿನಿಂದ ತಂದುಕೊಟ್ಟ. ಮನೆಯಲ್ಲಿ ಏಸಿಯನ್ನು ಪೂರ್ತಿ ತಣ್ಣಗೆ ಮಾಡಿ, ಕೋಟು ತೊಟ್ಟು, ಕಿಟಕಿಯ ಬಳಿ ಚಹಾ ಹಿಡಿದು ನಿಂತಿದ್ದಾಗ ಜುಬೇದಾ ಬೆವರು ಒರೆಸುತ್ತಾ ಒಳಗೆ ಬಂದಳು. ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಸ್ನಾನಕ್ಕೆ ಹೋದಳು.

ಬಳಿಕ ಬ್ರಿಸ್ಬೇನಿನ ನದಿ ಬಂತು, ಅಡಿಲೇಡಿನ ಉದ್ಯಾನಗಳು ಬಂದವು. ಪರ್ತ್ ಊರನ್ನು ಬಿಟ್ಟೆ; ಅಲ್ಲಿಯ ಬಿಸಿಲಿನ ವರ್ಣನೆ ಕೇಳಿ, ಇದಕ್ಕೆ ಅಷ್ಟು ದೂರ ಯಾಕೆ ಎನಿಸಿತು. ಕೊನೆಗೆ ಹೋಬಾರ್ಟಿನ ವೃದ್ಧ ದಂಪತಿ ಬಂದರು. ನಿಮ್ಮ ಊರಿನಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಆ ಹೆಂಗಸು ಗಂಡನ ಮುಖ ನೋಡಿ, ಒಂದು ಬೆಟ್ಟ, ಒಂದು ಬಂದರು, ಮತ್ತೇನೂ ಇಲ್ಲ ಎಂದರು. ಮತ್ತೇನೂ ಇಲ್ಲ ಎಂದು ಅಷ್ಟು ತೃಪ್ತಿಯಿಂದ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಫೋನಿನ ನಕಾಶೆಯ ಚಿತ್ರಗಳಲ್ಲಿ ಹೋಬಾರ್ಟಿನ ಬೀದಿಬೀದಿ ನಡೆದೆ. ಇಳಿಜಾರಿನಲ್ಲಿ ಇಳಿದು, ಬಂದರಿನ ಬಳಿ ಕುಳಿತು, ಮತ್ತೆ ಹತ್ತಿ ಬರುತ್ತಿದ್ದೆ. ಹಾಗೆಂದು ಹೋಬಾರ್ಟೇ ಎಂದು ನಿರ್ಧರಿಸಿದೆನೇ? ಇಲ್ಲ. ಮೆಲ್ಬರ್ನಿಗೆ ಬೇಸರವಾಗಬಾರದಲ್ಲ.

ಹೀಗೆ ಆರಿಸುತ್ತಿರುವಾಗಲೇ ಆ ವರ್ಷ ಅರ್ಜಿಯ ಅವಧಿ ಮುಗಿದೇಹೋಯಿತು. ಮರುವರ್ಷ ಮತ್ತೆ ತೆರೆಯಿತು. ನನಗೆ ಮೂವತ್ತು ತುಂಬಿತ್ತು. ಇದು ಕೊನೆಯ ಅವಕಾಶ. ಅರ್ಜಿ ಮುಚ್ಚಲು ಎರಡು ದಿನವಿದೆ ಎನ್ನುವಾಗ ಜುಬೇದಾ, "ಹಾಕಿದ್ಯಾ?" ಎಂದು ಕೇಳಿದಳು.

"ಇಲ್ಲ, ಊರು ಇನ್ನೂ ಫಿಕ್ಸ್ ಆಗ್ಲಿಲ್ಲ."

ಅವಳು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಅರ್ಜಿ ತೆರೆದಳು. ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲೆ ಓದಿದಳು. "ಜೆಸ್ಸಿ, ಇದರಲ್ಲಿ ಊರು ಎಲ್ಲಿ ಕೇಳಿದ್ದಾರೆ?"

ಎಲ್ಲಿಯೂ ಕೇಳಿರಲಿಲ್ಲ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು, ಅಷ್ಟೆ. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಕೆಲವರನ್ನು ಕರೆಯುತ್ತಾರೆ. ಕರೆಸಿಕೊಂಡವರು ದೇಶದೊಳಗೆ ಎಲ್ಲಿ ಬೇಕಾದರೂ ಇರಬಹುದು. ಒಂದು ವರ್ಷಕ್ಕೂ ಮಿಕ್ಕಿ ನಾನು ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಆಸ್ಟ್ರೇಲಿಯಾ ಸರ್ಕಾರ ನನ್ನಲ್ಲಿ ಕೇಳಿಯೇ ಇರಲಿಲ್ಲ. ಜುಬೇದಾ ನನ್ನ ಅರ್ಜಿ ತುಂಬಿಸಿ ಕಳಿಸಿ ಖಲಾಸ್ ಎಂದಳು. ಆಮೇಲೆ, "ನಿಂಗೆ ಅಲ್ಲಿ ಅನಾನಸು ಹೆಚ್ಚಿಕೊಡ್ಲಿಕ್ಕೆ ಒಬ್ರು ಬೇಡ್ವಾ?" ಎಂದು ತನ್ನದನ್ನೂ ಹಾಕಿದಳು.

ಚೀಟಿ ಬಂದದ್ದು ಅವಳಿಗೆ. ನನಗೆ ಬರಲಿಲ್ಲ. ಕಾದೆ, ಮುಂದಿನ ಸುತ್ತಿನಲ್ಲಿ ಬರಬಹುದೆಂದು ಪ್ರತಿ ಬೆಳಿಗ್ಗೆ ಮೇಲ್ ತೆರೆದು ನೋಡಿದೆ. ಅಷ್ಟರಲ್ಲಿ ನನ್ನ ಹುಟ್ಟುಹಬ್ಬ ಬಂತು. ಅವತ್ತು ಜುಬೇದಾ ಕೇಕ್ ತಂದಳು, ಆದರೆ ಮೇಣದಬತ್ತಿ ತಂದಿರಲಿಲ್ಲ. ವಯಸ್ಸಿನ ಸುದ್ದಿ ಎತ್ತುವುದು ಬೇಡವೆಂದು ಬಿಟ್ಟುಬಂದಿರಬೇಕು. ಇಬ್ಬರೂ ಕೇಕ್ ತಿಂದು ಮುಗಿಸಿದೆವು.

"ನಾನು ಹೋಗುದಿಲ್ಲ," ಎಂದಳು ಕೊನೆಗೆ. "ನಂಗೆ ಅಲ್ಲಿ ಎಂತ ಉಂಟು? ಆಸೆ ಇದ್ದದ್ದು ನಿಂಗೆ."

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನಗೆ ಸಮಾಧಾನವಾಯಿತು. ಆಮೇಲೆ ಅವಳ ಮುಖ ನೋಡಿದೆ. ಅವಳ ಕಣ್ಣು ಮೇಜಿನ ಮೇಲಿದ್ದ ತನ್ನ ಫೋನಿನ ಮೇಲೆಯೇ ಇತ್ತು. ಯಾರೋ ಮೊದಲ ಸಲ ಅವಳ ಹೆಸರು ಹಿಡಿದು, ಬಾ ಎಂದು ದೂರದಿಂದ ಕರೆದಿದ್ದರು. ಅದು ಹೇಗಿರುತ್ತದೆಂದು ನನ್ನಷ್ಟು ಊಹಿಸಿಕೊಂಡವರು ಬೇರೆ ಯಾರಿದ್ದಾರೆ? ಈಕೆಯನ್ನು ಇಲ್ಲೇ ಉಳಿಸಿಕೊಂಡರೆ ಮುಂದೆ ಇಬ್ಬರೂ ಜೊತೆಯಾಗಿ ಒಬ್ಬರ ಮುಖ ಒಬ್ಬರು ನೋಡದೆ ಚಹಾ ಕುಡಿಯಬೇಕಾದೀತು ಎನಿಸಿತು.

"ಹೋಗ್ತೀ. ಸುಮ್ನೆ ಹೋಗು," ಎಂದೆ.

"ಹೋದ್ರೆ ಯಾವ ಊರಿಗೆ?"

"ಹೋಬಾರ್ಟ್."

ನನ್ನ ಬಾಯಿಯಿಂದ ಅದು ಬಂದ ವೇಗಕ್ಕೆ ನಾನೇ ಬೆರಗಾದೆ. ಇನ್ನೊಬ್ಬರಿಗೆ ಆರಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಆ ಕಸುಬಿಗೆ ಇಳಿಯುತ್ತಿದ್ದೆ.

ಜುಬೇದಾ ಹೋಬಾರ್ಟಿಗೆ ಹೋಗಿ ಹತ್ತು ದಿನಕ್ಕೆ, ನಾನು ಬೆಳಗಿನ ಡ್ಯೂಟಿಯಲ್ಲಿದ್ದಾಗ ಅವಳ ಫೋನು ಬಂತು. ಅಲ್ಲಿ ಆಗಲೇ ಮಧ್ಯಾಹ್ನ ದಾಟಿತ್ತು. "ಜೆಸ್ಸಿ, ದಾರಿ ತಪ್ಪಿದೆ ಮಾರಾಯ್ತಿ. ಇಲ್ಲಿ ಎಲ್ಲ ರಸ್ತೆಯೂ ಇಳೀತದೆ." ಎದುರಿಗೆ ಏನು ಕಾಣುತ್ತದೆ ಎಂದು ಕೇಳಿದೆ. ಕಲ್ಲಿನ ಇಗರ್ಜಿ, ಹಸಿರು ಬಾಗಿಲು ಎಂದಳು. ನನಗೆ ಗೊತ್ತಾಯಿತು. "ಅಲ್ಲಿಂದ ಎಡಕ್ಕೆ ಹೋಗು. ಒಂದು ಬೇಕರಿ ಸಿಗ್ತದೆ, ಅದರ ಪಕ್ಕ ಮೆಟ್ಟಿಲು ಉಂಟು, ಇಳಿ. ಬಂದರು ಕಾಣ್ತದೆ." ಅವಳು ನಡೆದಳು, ನಾನೂ ಕಣ್ಣು ಮುಚ್ಚಿ ನಡೆದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಗಾಳಿಯ ಸದ್ದು, ಹಕ್ಕಿಗಳ ಕೂಗು ಕೇಳಿದವು. "ಕಂಡಿತು," ಎಂದಳು ಜುಬೇದಾ, ಮೆಲ್ಲಗೆ.

ಕಣ್ಣು ಬಿಟ್ಟಾಗ ಕೌಂಟರಿನ ಮುಂದೆ ವಯಸ್ಸಾದ ಅತಿಥಿಯೊಬ್ಬರು ತಾಳ್ಮೆಯಿಂದ ನಿಂತಿದ್ದರು. ಇಲ್ಲಿ ಹತ್ತಿರದಲ್ಲಿ ಬೆಳಿಗ್ಗೆ ಬಿಸಿ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ನಾನು ಫೋನಿನ ನಕಾಶೆ ತೆಗೆದು ಹುಡುಕತೊಡಗಿದೆ. ಬಾಗಿಲು ಕಾಯುವ ಹಿರಿಯರು ನನ್ನ ಪೇಚಾಟ ನೋಡಲಾರದೆ, ನಮ್ಮ ಹೋಟೆಲಿನ ಹಿಂದೆಯೇ ತಂದೂರಿನ ಅಂಗಡಿ ಇದೆ, ಬನ್ನಿ ಎಂದು ಅವರನ್ನು ಕರೆದುಕೊಂಡು ಹೋದರು.

ಡ್ಯೂಟಿ ಮುಗಿಸಿ ನಾನೂ ಹೋದೆ. ಏಳು ವರ್ಷದಿಂದ ನಾನು ಕುಳಿತ ಗೋಡೆಯ ಆಚೆ ಬದಿಗೆ ಒಬ್ಬ ಪಠಾಣ ರೊಟ್ಟಿ ಬಡಿಯುತ್ತಿದ್ದ. ಬಿಸಿ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ, ಈ ಊರಿಗೆ ಹೊಸಬರಾ ಎಂದು ಹಿಂದಿಯಲ್ಲಿ ವಿಚಾರಿಸಿದ.

ಹೌದು ಎಂದೆ.