ಹಸಿರು ಪಾರಿವಾಳಕ್ಕೆ ನಾನು ರಾಗಿ ಹಾಕಿದ್ದು

ಕೊಣನೂರಿನ ನಮ್ಮ ಬೀದಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಮಾಡಿದವಳು ನಾನೊಬ್ಬಳೇ. ವಿಶೇಷವಾಗಿ ಅಭ್ಯಾಸ ಮಾಡಿದ್ದು ಕೆರೆಯ ಬಸವನಹುಳುಗಳನ್ನು. ಆದರೆ ಹಸು ಕೆಮ್ಮಿದರೂ, ಕೋಳಿ ತೂಕಡಿಸಿದರೂ ನಮ್ಮ ಬೀದಿಯವರು ನನ್ನನ್ನೇ ಕೇಳುತ್ತಾರೆ. ನಾನೂ ತಿದ್ದಲು ಹೋಗಿರಲಿಲ್ಲ. ತಾನಾಗಿ ಬರುವ ಮರ್ಯಾದೆಯನ್ನು ಬೇಡವೆನ್ನುವುದು ಸೌಜನ್ಯವಲ್ಲ!

ಹಾಗಾಗಿ ಪಿತೃಪಕ್ಷ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಶಿವಮ್ಮ ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಾಗ ನಾನು ಗಾಬರಿಯಾಗಲಿಲ್ಲ.

"ನಮ್ ಹೊಸ ಕಿಟಕಿ ಗಾಜಿಗೆ ಗುದ್ಕಂಡು ಬಿತ್ತು ಕಣವ್ವ. ಗಿಳಿ ಅನ್ನಾನ ಅಂದ್ರೆ ಕೊಕ್ಕು ಬಗ್ಗಿಲ್ಲ. ಪಾರಿವಾಳ ಅನ್ನಾನ ಅಂದ್ರೆ ಹಸ್ರಾಗದೆ. ನೀನೇ ನೋಡು."

ನೋಡಿದೆ. ಬೂದು ತಲೆ, ಹಳದಿ ಬೆರೆತ ಹಸಿರು ಮೈ, ಭುಜದ ಮೇಲೊಂದು ನೇರಳೆ ಮಚ್ಚೆ, ಅರಿಶಿನದಲ್ಲಿ ಅದ್ದಿ ತೆಗೆದಂಥ ಕಾಲು. ಮೊಬೈಲಿನಲ್ಲಿ ಚಿತ್ರಗಳನ್ನು ಹೋಲಿಸಿ, ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟೆ: "ಇದು ಹಳದಿ ಕಾಲಿನ ಹಸಿರು ಪಾರಿವಾಳ."

ತೀರ್ಪು ನೂರಕ್ಕೆ ನೂರು ಸರಿ. ಅನಾಹುತ ಶುರುವಾದದ್ದೇ ಅಲ್ಲಿಂದ! ಹೆಸರು ಸಿಕ್ಕ ಖುಷಿಯಲ್ಲಿ ಅದರ ಕೆಳಗಿದ್ದ ವಿವರವನ್ನು ನಾನು ಓದಲಿಲ್ಲ. ಪಾರಿವಾಳ ಎಂದ ಮೇಲೆ ಓದುವುದೇನಿದೆ? ಕಾಳು ತಿನ್ನುತ್ತದೆ, ಗುಟುರು ಹಾಕುತ್ತದೆ.

ಒಂದು ಕುಕ್ಕೆ ಕವುಚಿ, ಭಾರಕ್ಕೆಂದು ಮೇಲೊಂದು ತೆಂಗಿನಕಾಯಿ ಇಟ್ಟು, ಒಳಗೆ ಒಂದು ಹಿಡಿ ರಾಗಿ ಹಾಕಿದೆ. ಪಾರಿವಾಳ ರಾಗಿಯನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಆಮೇಲೆ ಎರಡನ್ನೂ ಬಿಟ್ಟು ಗೋಡೆ ನೋಡಿತು.

ಮಾರನೆಯ ದಿನ ಜೋಳ ಹಾಕಿದೆ. ಗೋಡೆ. ಕಡಲೆ ನೆನೆಸಿ ಹಾಕಿದೆ. ಗೋಡೆ!

ಹಕ್ಕಿ ಬಾಡತೊಡಗಿತು. ಬೆಳಿಗ್ಗೆ ಕೈಗೆ ಎತ್ತಿಕೊಂಡರೆ ರೆಕ್ಕೆ ಬಿಟ್ಟು ಬೇರೇನೂ ಇಲ್ಲವೇನೋ ಎನ್ನುವಷ್ಟು ಹಗುರ. ಅಷ್ಟು ಸಾಲದೆಂಬಂತೆ ಅಜ್ಜಿ ಎಚ್ಚರಿಕೆಯನ್ನೂ ಕೊಟ್ಟಳು.

"ನೋಡವ್ವ, ನಾಳೆ ನಿಮ್ ತಾತಂಗೆ ಎಡೆ ಇಡಬೇಕು. ಅವ್ರು ತೀರ್ಕಂಡ್ಮೇಲೆ ಮೊದಲ್ನೇ ಎಡೆ. ಅವತ್ತು ಮನೇಲಿ ಒಂದು ಜೀವ ಓಗಬಾರ್ದು. ಅದನ್ನ ಎಂಗಾದ್ರೂ ಮಾಡಿ ಉಳಿಸ್ಕೊ."

ಹಕ್ಕಿಗೆ ತಿನ್ನುವುದು ಮರೆತುಹೋಗಿರಬೇಕು ಎಂದು ನಾನು ವೈಜ್ಞಾನಿಕವಾಗಿ ಊಹಿಸಿದೆ. ನೆಲದ ಮೇಲೆ ಮಂಡಿಯೂರಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗಿನಿಂದ ರಾಗಿ ಕುಕ್ಕಿ ತೋರಿಸಿದೆ. ಧೈರ್ಯ ಬರಲೆಂದು ನಡುನಡುವೆ "ಗುಟುರ್ ಗುಟುರ್" ಎಂದೆ. ಜೊತೆಯಿದೆ ಎನಿಸಲೆಂದು ಕನ್ನಡಿಯನ್ನೂ ಇಟ್ಟೆ. ಬೀದಿಯಲ್ಲಿ ಯಾರೊಡನೆಯೂ ಎರಡು ಮಾತು ಹೆಚ್ಚಿಗೆ ಆಡದವಳು ನಾನು! ತಲೆ ಎತ್ತಿದರೆ ಬಾಗಿಲಲ್ಲಿ ಅಮ್ಮ. ಅವಳ ಹಿಂದೆ ಶಿವಮ್ಮ.

"ಓದಿದ್ದು ಜಾಸ್ತಿಯಾಯ್ತೇನೋ," ಎಂದಳು ಅಮ್ಮ, ನನಗಲ್ಲ, ಶಿವಮ್ಮನಿಗೆ.

"ಮೂಗಿಗೆ ರಾಗಿ ಮೆತ್ಕಂಡದೆ, ಒರಸ್ಕೊಳವ್ವ," ಎಂದರು ಶಿವಮ್ಮ.

ಹಬ್ಬದ ದಿನ ದಂಡಿಗನಹಳ್ಳಿಯಿಂದ ಅಪ್ಪನ ತಂಗಿ, ನನ್ನ ಅತ್ತೆ, ಬಂದರು. ಅತ್ತೆಗೆ ರೆಕ್ಕೆ ಇರುವ ಯಾವುದನ್ನು ಕಂಡರೂ ಭಯ, ಸಾರಿನಲ್ಲಿದ್ದರೆ ಮಾತ್ರ ಇಲ್ಲ. ಅವರಿಗೆ ನನ್ನ ಕೋಣೆ ಬಿಟ್ಟುಕೊಟ್ಟೆ. ಕುಕ್ಕೆಯನ್ನು ನಡುಮನೆಯ ಮೂಲೆಯಲ್ಲಿ ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟೆ. ಕೆಲಸದ ಗಡಿಬಿಡಿಯಲ್ಲಿ ಮರೆತೂ ಬಿಟ್ಟೆ.

ಎಡೆ ಇಟ್ಟದ್ದು ಅದೇ ನಡುಮನೆಯಲ್ಲಿ. ತಾತನ ಫೋಟೊ, ಮುಂದೆ ಹೊಸ ಪಂಚೆ, ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಪಪ್ಪಾಯಿ. ಕಡೆಗಾಲದಲ್ಲಿ ಹಲ್ಲಿಲ್ಲದ ತಾತ ಅದನ್ನೇ ತಿನ್ನುತ್ತಿದ್ದರೆಂದು ಅಜ್ಜಿ ತಾನೇ ಸಣ್ಣಸಣ್ಣ ಚೂರು ಮಾಡಿ ಇಟ್ಟಿದ್ದಳು. ಅಪ್ಪ ಧೂಪ ಹಾಕಿದರು. ಹಿರಿಯರು ಬಂದು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದು ಕೂತೆವು.

ಆಗ ಅಮ್ಮ ಹೇಳಿದಳು: "ಇನ್ನೊಂದು ಕಾಯಿ ಕಮ್ಮಿ ಬಿದ್ದಿತ್ತು. ಮೂಲೇಲಿ ಯಾವ್ದೋ ಕುಕ್ಕೆ ಮೇಲೆ ಇತ್ತಲ್ಲ, ಅದನ್ನೇ ಒಡೆದೆ."

ಅದು ನನ್ನ ಕುಕ್ಕೆಯ ಮೇಲಿನ ಭಾರ! ಒಳಗೆ ಏನೋ ಪಟಪಟ ಎಂದಿತು.

"ಬಂದ್ರು!" ಎಂದಳು ಅಜ್ಜಿ.

ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಎದ್ದರು.

ಅಪ್ಪ ಬಾಗಿಲು ತೆಗೆದರು. ಮುದ್ದೆ ಹಾಗೇ ಇತ್ತು. ಸಾರು, ವಡೆ, ಬೀಡಿ ಹಾಗೇ ಇದ್ದವು. ಪಪ್ಪಾಯಿ ಮಾತ್ರ ಮುಕ್ಕಾಲು ಮಾಯ! ತಾತನ ಫೋಟೊದ ಮೇಲೆ, ಕೊಕ್ಕಿನ ತುಂಬ ಕೆಂಪು ಮೆತ್ತಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು, ನನ್ನ ರೋಗಿ ಕುಳಿತಿತ್ತು.

ಬದುಕಿತಲ್ಲ ಎಂದು ನನಗೆ ಅಳುವೇ ಬಂತು. ಅತ್ತೆ ಕಿರುಚಲಿಲ್ಲ, ಕೈ ಮುಗಿದರು. "ಅಪ್ಪಯ್ಯ!"

"ಅತ್ತೆ, ಅದು ಹಳದಿ ಕಾಲಿನ ಹಸಿರು ಪಾರಿ..."

"ಸುಮ್ಕಿರೇ," ಎಂದಳು ಅಜ್ಜಿ. ಅವಳ ಕಣ್ಣಲ್ಲೂ ನೀರು. "ಪಕ್ಷದಾಗೇ ಬಂದವ್ರೆ. ಬಂದು ಎಷ್ಟು ದಿನಾತು? ಏನ್ ಕೊಟ್ಟಿದ್ದೆ ತಿನ್ನಕ್ಕೆ?"

ಸುಳ್ಳು ಹೇಳುವುದು ನನಗೆ ಗೊತ್ತಿಲ್ಲ. "ರಾಗಿ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು!

"ಹಲ್ಲಿಲ್ದೋರ್ಗೆ ಹಸಿ ರಾಗಿ!" ಅಜ್ಜಿ ಎದೆ ಮುಟ್ಟಿಕೊಂಡಳು.

"ಜೋಳಾನೂ ಹಾಕಿದ್ಲು," ಎಂದಳು ಅಮ್ಮ. ಇಷ್ಟು ದಿನ ಜೋಳ ಅಳೆದುಕೊಟ್ಟವಳು ಅವಳೇ! "ಮಾವನೋರ್ನ ಕುಕ್ಕೆ ಕೆಳಗೆ ಮುಚ್ಚಿಟ್ಟಿದ್ಲು."

"ಕನ್ನಡಿ ಬೇರೆ ಇಟ್ಟು ಅಣಕಿಸ್ತಿದ್ಲು," ಗೋಡೆಯಾಚೆಯಿಂದ ಶಿವಮ್ಮನ ಸಾಕ್ಷ್ಯ ಬಂತು.

ನಾನು ಹಿತ್ತಲಿಗೆ ಹೋಗಿ ಮೊಬೈಲ್ ತೆಗೆದು, ಮೊದಲೇ ಓದಬೇಕಿದ್ದ ವಿವರ ಓದಿದೆ. ಹಣ್ಣೇ ಆಹಾರ, ಆಲ, ಗೋಣಿ, ಅತ್ತಿಯ ಹಣ್ಣುಗಳೆಂದರೆ ಪ್ರಾಣ. ನೆಲಕ್ಕೆ ಇಳಿಯುವುದೇ ಅಪರೂಪ. ಗುಟುರು ಹಾಕುವುದಿಲ್ಲ, ಸಿಳ್ಳೆಯಂತೆ ಕೂಗುತ್ತದೆ. ಅಂದರೆ ನಾನು ಅದನ್ನು ನೆಲದ ಮೇಲೆ ಕೂರಿಸಿ, ತಿನ್ನದ್ದನ್ನು ಬಡಿಸಿ, ತಿಳಿಯದ ಭಾಷೆಯಲ್ಲಿ ಮಾತಾಡಿಸಿದ್ದೆ!

ಉಳಿದ ಪಪ್ಪಾಯಿಯನ್ನೂ ಮುಗಿಸಿದ ಮೇಲೆ ಅದನ್ನು ತಾರಸಿಗೆ ತಂದು ಬಿಟ್ಟೆವು. ಪಟಪಟನೆ ಹಾರಿ ಬೀದಿ ಕೊನೆಯ ಗೋಣಿ ಮರಕ್ಕೆ ಹೋಯಿತು. ಎಲೆಗಳೊಳಗೆ ಹೊಕ್ಕದ್ದಷ್ಟೇ ಕಂಡದ್ದು. ಆಮೇಲೆ ಎಲೆ ಯಾವುದು, ಹಕ್ಕಿ ಯಾವುದು ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ನನ್ನನ್ನು ತಾರಸಿಗೆ ಕರೆದಳು. ಗೋಣಿ ಮರದ ತುದಿಯ ಒಣ ಕೊಂಬೆಯ ಮೇಲೆ ಒಂದು ಹಿಂಡು ಹಸಿರು ಪಾರಿವಾಳಗಳು ಎಳೆ ಬಿಸಿಲು ಕಾಯಿಸುತ್ತ ಅಲುಗಾಡದೆ ಕೂತಿದ್ದವು.

"ಅದ್ರಾಗೆ ನಿಮ್ ತಾತ ಯಾವುದವ್ವ?"

ಒಂದೇ ಜಾತಿಯ ಹಕ್ಕಿಗಳನ್ನು ಇಷ್ಟು ದೂರದಿಂದ ಒಂದೊಂದಾಗಿ ಗುರುತಿಸಲು ಸಾಧ್ಯವಿಲ್ಲ, ಅಜ್ಜಿ. ಇದನ್ನೇ ಹೇಳಬೇಕೆಂದು ತಿರುಗಿದೆ. ಅಜ್ಜಿ ಸೆರಗನ್ನು ಸರಿಮಾಡಿಕೊಂಡು ಕಾಯುತ್ತಿದ್ದಳು.

"ಎಡಗಡೆ ತುದೀದು," ಎಂದೆ.

ಅಜ್ಜಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಊಂ. ಅವ್ರೇ. ಬೀಡಿ ಸೇದಾಗ ಇಂಗೇ ಒಂದ್ ಕಡೆ ಓಗಿ ಕೂರೋರು."

ಈ ಗುರುತಿಸುವಿಕೆಯ ಸುದ್ದಿ ಬೀದಿಗೆಲ್ಲ ಹಬ್ಬಿದೆ. ನಿನ್ನೆ ಶಿವಮ್ಮ ತಮ್ಮ ತೀರಿಹೋದ ಅತ್ತೆಯನ್ನೂ ತೋರಿಸಿಕೊಡಬೇಕೆಂದು ಬಂದು ಕೂತಿದ್ದರು. ಎಲ್ಲಕ್ಕಿಂತ ದೊಡ್ಡದಾಗಿ ಕೂಗುವುದನ್ನು ತೋರಿಸಿದೆ. ಅವರು ತಕ್ಷಣ ಒಪ್ಪಿದರು.

ಬಸವನಹುಳುಗಳ ಜೊತೆ ಇದ್ದಾಗ ನನಗೆ ಇಷ್ಟು ಹೆಸರು ಬಂದಿರಲಿಲ್ಲ.